ಇನ್ನೂರು ಆಳಿನ ಸರದಾರನೋ, ಒಬ್ಬ ಸವಾರನೋ? ಕಲಾದಗಿ ಛಾವಣಿಯ ಒಂದು ಜಿಂದಗಿ ಯಾದಿ

ಪ್ರಶ್ನೆ
ನವನಗರದವ, ಬಾಗಲಕೋಟೆ

ಎಲ್ಲ ಹಿರಿಯರಿಗೆ ನಮಸ್ಕಾರ. ನಮ್ಮ ಮನೆತನದ ಮೂಲ ಊರು ಮುಧೋಳ ತಾಲೂಕಿನ ಒಂದು ಹಳ್ಳಿ. ಮುತ್ತಜ್ಜನ ಕಾಲಕ್ಕೆ ಬಾಗಲಕೋಟೆಯ ಹಳೆಯ ಪೇಟೆಗೆ ಬಂದು ನೆಲೆಸಿದ್ದೆವು; ಆಲಮಟ್ಟಿ ಹಿನ್ನೀರಿಗೆ ಆ ಮನೆ ಮುಳುಗಡೆಯಾದ ಮೇಲೆ ನವನಗರಕ್ಕೆ ಬಂದೆವು. ಆ ಗಡಿಬಿಡಿಯಲ್ಲಿ ಬೀಗವನ್ನೂ ತೆಗೆಯದೆ ಹೊತ್ತು ತಂದು ಅಟ್ಟಕ್ಕೆ ಏರಿಸಿದ್ದ ತಗಡಿನ ಟ್ರಂಕನ್ನು ಈ ಸಲ ದೀಪಾವಳಿಗೆ ಸುಣ್ಣ ಹೊಡೆಸುವಾಗ ಇಳಿಸಿದೆ. ಅದರಲ್ಲಿ ಕೆಂಪು ರುಮಾಲಿನಲ್ಲಿ ಸುತ್ತಿಟ್ಟ, ಉದ್ದಕ್ಕೆ ಮಡಿಚಿದ ಒಂದು ಕಾಗದ ಸಿಕ್ಕಿತು. ಲಿಪಿ ಮೋಡಿ, ಭಾಷೆ ಮರಾಠಿ. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಕನ್ನಡ ನಕಲೂ ಇದೆ. 1960ರ ದಶಕದಲ್ಲಿ ಒಬ್ಬ ಮುದಿ ತಲಾಠಿಯವರಿಂದ ಇದನ್ನು ಓದಿಸಿ, ಆಗ ಹೈಸ್ಕೂಲಿನಲ್ಲಿದ್ದ ನಮ್ಮ ಚಿಕ್ಕಪ್ಪ ಬರೆದುಕೊಂಡರಂತೆ.

ನಕಲಿನ ಪ್ರಕಾರ ತಲೆಬರಹ ‘ಮಯತ ಶಿಲೇದಾರ ಯಾಚೇ ಜಿಂದಗೀಚೀ ಯಾದಿ, ಛಾವಣಿ ಕಲಾದಗಿ’ ಎಂದಿದೆ, ಅಂದರೆ ಕಲಾದಗಿ ಛಾವಣಿಯಲ್ಲಿ ಸತ್ತ ಶಿಲೇದಾರನ (ಕುದುರೆ ಸವಾರನ) ಸೊತ್ತಿನ ಪಟ್ಟಿ. ಆ ಶಿಲೇದಾರ ನನ್ನ ಮುತ್ತಜ್ಜನ ಅಜ್ಜ. ಕೆಳಗೆ ಸಾಮಾನುಗಳು: ಘೋಡೆ ಕುಮ್ಮೈತ ರಾಶಿ 1, ಇದರ ಮುಂದೆ ಬೆಲೆಯೇ ಇಲ್ಲ. ಅಸಾಮಿ 200. ಜೀನು 1211 ರೂಪಾಯಿ. ತರವಾರ (ಖಡ್ಗ) 51. ಕಂಬಳಿ ಎರಡಕ್ಕೆ 1111. ಬರ್ಚಿ, ಢಾಲು, ತೋಬರಾ, ಖರಾರಾ, ಅಗಾಡಿ-ಪಿಛಾಡಿ ಎಲ್ಲ ಸೇರಿಸಿ 611. ತಾಂಬ್ರದ ಚರವಿ (ಪಾತ್ರೆ) ಒಂದು, ಅದಕ್ಕೆ ಬೆಲೆಯಿಲ್ಲ, ತೂಕ ಮಾತ್ರ ಇದೆ. ಕೊನೆಗೆ ‘ಬಾಕಿ 3711’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ.

ಈ ಕಾಗದದಿಂದ ನಮ್ಮ ಮನೆಯಲ್ಲಿ ಮೂರು ಮಾತುಗಳು ಬೆಳೆದು ನಿಂತಿವೆ. ನಮ್ಮ ಹಿರಿಯ ಇನ್ನೂರು ಆಳಿನ ಸರದಾರನಾಗಿದ್ದನೆಂಬುದು ಒಂದು. ಅವನು ಹಲಗಲಿಯ ಗದ್ದಲದಲ್ಲಿ, ಅಂದರೆ 1857ರಲ್ಲಿ ಹತಿಯಾರ ಒಪ್ಪಿಸಲೊಲ್ಲದ ಬೇಡರ ಮೇಲೆ ಕಂಪನಿ ಸರಕಾರದ ದಂಡು ಬಿದ್ದಾಗ, ಸತ್ತನೆಂಬುದು ಇನ್ನೊಂದು. ಯಾರ ಕಡೆಯಿಂದ ಎಂಬುದನ್ನು ಮಾತ್ರ ಹೇಳುವವರು ತಮಗೆ ಬೇಕಾದಂತೆ ಹೇಳುತ್ತಾರೆ. ಮೂರನೆಯದೇ ಕಹಿ: ಸರಕಾರದಿಂದ ಬಂದ 3711 ರೂಪಾಯಿಯನ್ನು ಹಿರೇ ಮನೆಯವರು ನುಂಗಿದರು, ಹೆಂಡತಿಗೆ ಬಿಡಿಗಾಸೂ ಸಿಗಲಿಲ್ಲ ಎಂಬುದು. ಈ ಮಾತಿಗಾಗಿಯೇ ನಮ್ಮ ಅಜ್ಜ ಮತ್ತು ಅವರ ಅಣ್ಣ ಕೊನೆಯ ಇಪ್ಪತ್ತು ವರ್ಷ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯಲಿಲ್ಲ.

ಮೂಲ ಕಾಗದದ ಮೇಲ್ಭಾಗದ ಎರಡು ಚಿತ್ರಗಳನ್ನು ಹಾಕಿದ್ದೇನೆ. ಈ ಮೊತ್ತ ನಂಬುವಂಥದ್ದೇ? ಅತಿ ಬೆಲೆಬಾಳುವ ಕುದುರೆಗೆ ಬೆಲೆ ಬರೆಯದೆ ಕಂಬಳಿಗೆ ಸಾವಿರಗಟ್ಟಲೆ ಬರೆದದ್ದೇಕೆ? ತಿಳಿದವರು ಬಿಡಿಸಿ ಹೇಳಬೇಕೆಂದು ವಿನಂತಿ.

ಉತ್ತರ 1
ಮೋಡಿ ಓದುವವ, ಶಹಾಪುರ, ಬೆಳಗಾವಿ

ನಮಸ್ಕಾರ. ಹೊಲಮನೆಗಳ ಹಳೆಯ ಮೋಡಿ ಕಾಗದಗಳನ್ನು ಓದಿಕೊಡುವುದೇ ನನ್ನ ಕಸುಬಾದ್ದರಿಂದ ನಿಮ್ಮ ಚಿತ್ರಗಳನ್ನು ದೊಡ್ಡದು ಮಾಡಿ ಎರಡು ಸಲ ನೋಡಿದೆ. ಅಕ್ಷರ ಸ್ವಚ್ಛವಾಗಿದೆ, ಮೊದಲು ತಲೆಗೆರೆಯನ್ನು ಉದ್ದಕ್ಕೆ ಎಳೆದುಕೊಂಡು ಆಮೇಲೆ ಅದಕ್ಕೆ ಅಕ್ಷರಗಳನ್ನು ತೂಗುಹಾಕಿದ ಪಳಗಿದ ಕಾರಕೂನನ ಕೈ. ಓದಿದ ತಲಾಠಿಯವರು ತಪ್ಪು ಓದಿರಲಾರರು. ಬರೆದುಕೊಂಡ ನಿಮ್ಮ ಚಿಕ್ಕಪ್ಪನವರು ಶಬ್ದಗಳನ್ನು ಕಿವಿಯಿಂದ ಕೇಳಿ, ಅಂಕಿಗಳನ್ನು ಕಣ್ಣಿನಿಂದ ನೋಡಿ ಬರೆದಿದ್ದಾರೆಂದು ನನಗೆ ಅನಿಸುತ್ತದೆ. ತಪ್ಪಿದ್ದು ಅಲ್ಲಿಯೇ.

ಜೀನಿನ ಮುಂದಿನ ಅಂಕಿಯನ್ನು ಮತ್ತೊಮ್ಮೆ ನೋಡಿರಿ. ಮೊದಲ ‘1’ಕ್ಕೆ ಮೇಲೆ ಸುರುಳಿಯಿದೆ, ಕೆಳಗೆ ಬಾಲವಿದೆ, ಅದು ನಿಜವಾದ ಒಂದು. ‘2’ರ ನಂತರ ಬರುವ ಎರಡು ‘1’ಗಳಿಗೆ ಸುರುಳಿಯೂ ಇಲ್ಲ, ಬಾಲವೂ ಇಲ್ಲ, ಬರಿಯ ನೆಟ್ಟಗಿನ ಗೆರೆಗಳು. ಅವು ಅಂಕಿಗಳಲ್ಲ. ಹಳೆಯ ಲೆಕ್ಕದಲ್ಲಿ ಒಂದು ನಿಂತ ಗೆರೆ ಎಂದರೆ ಕಾಲು, ಎರಡು ಎಂದರೆ ಅರ್ಧ, ಮೂರು ಎಂದರೆ ಮುಕ್ಕಾಲು. ಆಣೆಗಳಿಗೆ ಓರೆ ಗೆರೆ. ನಮ್ಮ ಅಂಗಡಿಕಾರರ ಹಳೆಯ ಕಿರ್ದಿ ಪುಸ್ತಕಗಳಲ್ಲೂ ಇದೇ ರೀತಿ ಬರೆಯುತ್ತಿದ್ದರು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೆ ಶಾಲೆ ಕಲಿತ ಹುಡುಗನಿಗೆ ಈ ಗೆರೆಗಳು ಇಂಗ್ಲಿಷಿನ ಒಂದರಂತೆ ಕಂಡದ್ದು ಅವನ ತಪ್ಪೇನಲ್ಲ.

ಹಾಗಾಗಿ ಜೀನು 1211 ಅಲ್ಲ, ಹನ್ನೆರಡೂವರೆ ರೂಪಾಯಿ. ತರವಾರ 51 ಅಲ್ಲ, ಐದೂಕಾಲು. ಕಂಬಳಿಗಳು ಒಂದೂಮುಕ್ಕಾಲು. ಬರ್ಚಿ ಮೊದಲಾದ ಚಿಲ್ಲರೆ ಸಾಮಾನು ಆರೂವರೆ. ನಿಮ್ಮ ಮನೆಯನ್ನು ಒಡೆದ 3711 ಎಂಬುದೂ, ನಾನು ಕಂಡಂತೆ, ಮೂವತ್ತೇಳೂವರೆ ರೂಪಾಯಿ. ಕೆಳಭಾಗದ ಚಿತ್ರವಿಲ್ಲದೆ ಇದನ್ನು ಮುದ್ರೆ ಒತ್ತಿ ಹೇಳುವುದು ಸರಿಯಲ್ಲ. ಮೊತ್ತಗಳನ್ನು ಕೂಡಿ ಕಳೆದು ತಾಳೆ ನೋಡಬೇಕು. ದಯವಿಟ್ಟು ಅದನ್ನೂ ಕಳಿಸಿರಿ.

‘ರಾಶಿ’ ಎಂಬುದು ‘ರಾಸ’. ಎಣಿಸುವಾಗ ಸಾಮಾನಿಗೆ ‘ನಗ’ ಎಂದಂತೆ ಕುದುರೆ, ಎತ್ತುಗಳಿಗೆ ‘ರಾಸ’ ಎನ್ನುತ್ತಿದ್ದರು. ಕುಮ್ಮೈತ ಎಂದರೆ ಕಂದುಗೆಂಪು ಬಣ್ಣದ ಕುದುರೆ.

ಇನ್ನು ತಾರೀಖು. ಚಿಕ್ಕಪ್ಪನವರು ಇದನ್ನು ನಕಲಿನಲ್ಲಿ ಬಿಟ್ಟೇ ಬಿಟ್ಟಿದ್ದಾರೆ, ಆದರೆ ಮೂಲದ ಮೊದಲ ಸಾಲಿನ ಬಲಕ್ಕೆ ಇದೆ: ‘ಛ 5 ರಬಿಲಾವಲ, ಸಮಾನ ಖಮಸೈನ ಮಯಾತೈನ ವ ಅಲಫ’. ಇದು ಮರಾಠಿ ದಫ್ತರಗಳ ಸುಹೂರ ಸನ್; ವರ್ಷವನ್ನು ಅರಬೀ ಶಬ್ದಗಳಲ್ಲಿ ಬಿಡಿಯಿಂದ ಸಾವಿರದ ಕಡೆಗೆ ಬರೆಯುತ್ತಾರೆ. ಎಂಟು, ಐವತ್ತು, ಇನ್ನೂರು, ಸಾವಿರ, ಒಟ್ಟು 1258. ಈ ವರ್ಷ ಮೃಗಶಿರಾ ಮಳೆಗೆ, ಅಂದರೆ ಜೂನ್ ಮೊದಲ ವಾರಕ್ಕೆ ಆರಂಭವಾಗುವುದರಿಂದ ಅಲ್ಲಿಂದ ಡಿಸೆಂಬರ್‌ವರೆಗೆ 599 ಕೂಡಿಸಬೇಕು, ಜನವರಿಯಿಂದ 600. ನಮಗೆ 1857 ಬರುತ್ತದೆ. ‘ಛ’ ಎಂಬುದು ಚಂದ್ರದ ಗುರುತು, ಮುಂದಿನದು ಮುಸಲ್ಮಾನಿ ತಿಂಗಳ ತೇದಿ. ಹಿಜರಿ 1274 ಆ ವರ್ಷದ ಆಗಸ್ಟ್ 22ಕ್ಕೆ ಆರಂಭವಾದ್ದರಿಂದ ರಬಿಲಾವಲ 5 ಎಂದರೆ 1857ರ ಅಕ್ಟೋಬರ್ 24ರ ಸುಮಾರು, ಚಂದ್ರ ಕಂಡ ಲೆಕ್ಕದಲ್ಲಿ ಒಂದು ದಿನ ಆಚೀಚೆ. ಹಲಗಲಿಯ ಮೇಲೆ ದಂಡು ಬಿದ್ದದ್ದು ನವೆಂಬರ್ ತಿಂಗಳ ಕೊನೆಗೆ. ಸತ್ತವನ ಯಾದಿ ಅದಕ್ಕಿಂತ ಒಂದು ತಿಂಗಳು ಮೊದಲೇ ಆಗಿದೆ.

ಉತ್ತರ 2
ಲೋಕಾಪುರದವ

ಮೋಡಿ ಸರ್ ಅವರ ಓದಿನ ಬಗ್ಗೆ ಗೌರವವಿದೆ. ಆದರೂ ರಬಿಲಾವಲ, ರಬಿಲಾಖರ ಎಂಬ ಎರಡು ತಿಂಗಳುಗಳು ಮೋಡಿಯಲ್ಲಿ ಒಂದರಂತೆ ಒಂದು ಕಾಣುವ ಸಂಭವವಿದೆ. ಹಲಗಲಿಯಲ್ಲಿ ಸತ್ತನೆಂದು ಐದು ತಲೆಮಾರು ಹೇಳಿಕೊಂಡು ಬಂದ ಮಾತನ್ನು ಒಂದು ಅಕ್ಷರದ ಮೇಲೆ ತೆಗೆದುಹಾಕಬಹುದೇ?

ಉತ್ತರ 3
ಮೋಡಿ ಓದುವವ, ಶಹಾಪುರ, ಬೆಳಗಾವಿ

ಯೋಗ್ಯ ಪ್ರಶ್ನೆ. ಅದು ರಬಿಲಾಖರವೇ ಎಂದು ಇಟ್ಟುಕೊಂಡರೂ 5ನೆಯ ತೇದಿ ನವೆಂಬರ್ 23ಕ್ಕೆ ಬರುತ್ತದೆ, ಅದೂ ತಿಂಗಳ ಕೊನೆಯ ಆ ದಾಳಿಗಿಂತ ಮೊದಲೇ. ಮೇಲಾಗಿ ಚಿತ್ರದಲ್ಲಿ ‘ವ’ ಸ್ಪಷ್ಟವಿದೆ.

ಉತ್ತರ 4
ನಿವೃತ್ತ ಇತಿಹಾಸ ಉಪನ್ಯಾಸಕ, ಜಮಖಂಡಿ

ನವನಗರದ ಮಿತ್ರರೆ, ಕುದುರೆಗೆ ಬೆಲೆ ಏಕಿಲ್ಲ ಎಂಬ ನಿಮ್ಮ ಪ್ರಶ್ನೆಯೇ ಈ ಕಾಗದದ ಕೀಲಿಕೈ. ಉತ್ತರ ಅದರ ಕೆಳಗಿನ ಸಾಲಿನಲ್ಲಿಯೇ ಇದೆ. ನಾವು ಇಂದು ‘ಎಂಥ ಅಸಾಮಿಯಪ್ಪ ಇವ’ ಎನ್ನುವಾಗ ಅಸಾಮಿ ಎಂದರೆ ಮನುಷ್ಯ. ನಿಮ್ಮ ಮನೆಯವರು ‘ಅಸಾಮಿ 200’ ಎಂಬುದನ್ನು ಇನ್ನೂರು ಮನುಷ್ಯರು ಎಂದು ತಿಳಿದು ಸರದಾರನನ್ನು ಮಾಡಿಕೊಂಡಿದ್ದಾರೆ. ಶಿಲೇದಾರಿ ಕುದುರೆಪಡೆಯ ಲೆಕ್ಕದಲ್ಲಿ ಅಸಾಮಿ ಎಂದರೆ ಆಳಲ್ಲ, ಆಳಿನ ಜಾಗ. ರಿಸಾಲೆಯಲ್ಲಿ ಒಬ್ಬ ಸವಾರನಿಗಿದ್ದ ಸ್ಥಾನ ಮತ್ತು ಆ ಸ್ಥಾನದ ಬೆಲೆ.

ಕಾಲಾಳು ಸಿಪಾಯಿಗೆ ಕಂಪನಿ ಸರಕಾರ ತಿಂಗಳಿಗೆ 7 ರೂಪಾಯಿ ಕೊಟ್ಟು ಬಂದೂಕನ್ನೂ ತಾನೇ ಕೊಡುತ್ತಿತ್ತು. ಶಿಲೇದಾರನ ವ್ಯವಹಾರ ಬೇರೆ. ಅವನ ಪಗಾರ ದೊಡ್ಡದು, ಆದರೆ ಕುದುರೆ, ಜೀನು, ಖಡ್ಗ, ಬಟ್ಟೆ, ಕುದುರೆಯ ಹುಲ್ಲು ಕಾಳು ಎಲ್ಲವೂ ಅವನ ಮೈಮೇಲೆ. ಕುದುರೆ ಸತ್ತರೆ ಪಗಾರಕ್ಕೆ ಧಕ್ಕೆ; ಹೊಸದನ್ನು ಕೊಳ್ಳುವವರೆಗೆ ಅವನು ಸವಾರನೇ ಅಲ್ಲ. ಕುದುರೆ ಕೊಳ್ಳುವ ತ್ರಾಣವಿಲ್ಲದವನು ಇನ್ನೊಬ್ಬನ ಕುದುರೆ ಏರಿ, ಪಗಾರದ ಪಾಲನ್ನು ಮಾಲಕನಿಗೆ ಬಿಟ್ಟು ದುಡಿಯುತ್ತಿದ್ದನು. ಅವನಿಗೆ ಬಾರಗೀರ ಎಂದು ಹೆಸರು. ನಿಮ್ಮ ಹಿರಿಯ ಬಾರಗೀರನಲ್ಲ, ಸ್ವಂತ ಅಸಾಮಿಯುಳ್ಳ ಶಿಲೇದಾರ. ಸರದಾರ ಪದವಿ ಹೋಯಿತೆಂದು ಬೇಸರಪಡಬೇಡಿರಿ, ಒಬ್ಬ ರೈತನ ಮಗನಿಗೆ ಇದೇನೂ ಸಣ್ಣ ಮಾತಾಗಿರಲಿಲ್ಲ.

ಇಂಥವನು ಸತ್ತಾಗ ಅವನ ಜಾಗಕ್ಕೆ ಬರುವವನು ಅಸಾಮಿಯ ಬೆಲೆ ಕಟ್ಟಿ ಒಳಗೆ ಬರುತ್ತಿದ್ದನು, ಆ ಹಣ ಸತ್ತವನ ಖಾತೆಗೆ ಜಮೆಯಾಗುತ್ತಿತ್ತು. ಕುದುರೆ ಅಸಾಮಿಯ ಸಂಗಡವೇ ಹೋಗುವುದರಿಂದ ಅದಕ್ಕೆ ಬೇರೆ ಬೆಲೆ ಬರೆದಿಲ್ಲ. ಇನ್ನೂರು ರೂಪಾಯಿಯಲ್ಲಿ ಕುಮ್ಮೈತವೂ ಸೇರಿದೆ. ಉಳಿದ ಸಾಮಾನುಗಳನ್ನು ಛಾವಣಿಯಲ್ಲಿಯೇ ಲಿಲಾವು ಮಾಡಿ, ಜೊತೆಗಾರರೇ ಕೊಂಡಿರುತ್ತಾರೆ. ಮೂಲದಲ್ಲಿ ಪ್ರತಿ ಸಾಮಾನಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರುಗಳು, ನನ್ನ ಎಣಿಕೆಯಲ್ಲಿ, ಕೊಂಡವರವು. ‘ಸರಕಾರಕ್ಕೆ ಹೆದರಿ ತರವಾರವನ್ನು ಹೂಳಿದರು’ ಎಂಬ ಮಾತು ನಮ್ಮ ಕಡೆ ಪ್ರತಿ ಎರಡನೆಯ ಮನೆಯಲ್ಲಿ ಕೇಳಿಬರುತ್ತದೆ. ಈ ತರವಾರ ಮಾತ್ರ ಐದೂಕಾಲು ರೂಪಾಯಿಗೆ ಇನ್ನೊಬ್ಬ ಸವಾರನ ಸೊಂಟಕ್ಕೆ ಹೋಗಿದೆ.

ಕಲಾದಗಿಯ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ಇಂದು ದಾಳಿಂಬೆಗೆ ಹೆಸರಾದ ಈ ಊರು ಆಗ ಗಡಿ ಕಾಯುವ ಛಾವಣಿ. ಸುತ್ತ ಮುಧೋಳ, ಜಮಖಂಡಿ ಸಂಸ್ಥಾನಗಳು, ಮೂಡಣಕ್ಕೆ ನಿಜಾಮನ ಸೀಮೆ. ಮುಂದೆ 1864ರಲ್ಲಿ ಜಿಲ್ಲೆಯ ಠಾಣೆಯಾಗಿ, 1885ರಲ್ಲಿ ಆ ಪಟ್ಟವನ್ನು ವಿಜಯಪುರಕ್ಕೆ ಬಿಟ್ಟುಕೊಟ್ಟಿತು. 1857ರಲ್ಲಿ ಅಲ್ಲಿದ್ದದ್ದು ಸದರ್ನ್ ಮರಾಠಾ ಇರ್ರೆಗ್ಯುಲರ್ ಹಾರ್ಸ್ ಎಂಬ ಕುದುರೆಪಡೆ. ಅದೇ ಪಡೆಯ ಒಂದು ತುಕಡಿಯನ್ನು ಜುಲೈ ತಿಂಗಳಲ್ಲಿ ಲೆಫ್ಟಿನೆಂಟ್ ಕರ್ ಸಾತಾರೆಯಿಂದ ಕೊಲ್ಹಾಪುರಕ್ಕೆ ಓಡಿಸಿಕೊಂಡು ಹೋದನು. ಮಳೆಗಾಲದಲ್ಲಿ ಸುಮಾರು 75 ಮೈಲಿ, 26 ಗಂಟೆ. ಅಲ್ಲಿಯ ಸಿಪಾಯಿಗಳ ದಂಗೆಯನ್ನು ಅಡಗಿಸಿದ್ದಕ್ಕೆ ಅವನಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯ ಪದಕ ಬಂತು. ಆ ವರ್ಷ ಕುದುರೆಗಳು ಎಷ್ಟು ದಣಿದವೆಂಬುದಕ್ಕೆ ಇಷ್ಟು ಸಾಕು, ಮತ್ತು ದಣಿದ ಕುದುರೆಯ ನಷ್ಟ ಸವಾರನದೇ. ನಿಮ್ಮ ಯಾದಿಯ ‘ವಜಾ’ (ಕಳೆಯುವ ಲೆಕ್ಕದ) ಭಾಗದಲ್ಲಿ ಕುದುರೆಗಾಗಿ ಎತ್ತಿದ ಉಚಲ (ಮುಂಗಡ) ಇದ್ದೇ ಇರಬೇಕೆಂದು ನನ್ನ ಊಹೆ.

ಒಂದು ಮಾತು ನಿಷ್ಠುರವಾದರೂ ಹೇಳಬೇಕು. ನಿಮ್ಮ ಹಿರಿಯ ಇನ್ನೊಂದು ತಿಂಗಳು ಬದುಕಿದ್ದರೆ ಹಲಗಲಿಗೆ ಹೋಗುತ್ತಿದ್ದನು, ಆದರೆ ಬೇಡರ ಕಡೆಯಿಂದಲ್ಲ, ಕಲಾದಗಿಯ ದಂಡಿನಲ್ಲಿ.

ಪ್ರಶ್ನಿಸಿದವರಿಂದ
ನವನಗರದವ, ಬಾಗಲಕೋಟೆ

ಇಬ್ಬರು ಸರ್‌ಗಳಿಗೂ ಕೈಮುಗಿದು ವಂದನೆ. ಕೆಳಭಾಗದ ಚಿತ್ರವನ್ನು ಹಾಕಿದ್ದೇನೆ. ನೀವು ಹೇಳಿಕೊಟ್ಟಂತೆ ಗೆರೆಗಳನ್ನು ಓದಿ ನಾನೇ ಲೆಕ್ಕ ಮಾಡಿದೆ. ಜಮಾ: ಅಸಾಮಿ 200, ಜೀನು ಹನ್ನೆರಡೂವರೆ, ತರವಾರ ಐದೂಕಾಲು, ಕಂಬಳಿ ಒಂದೂಮುಕ್ಕಾಲು, ಚಿಲ್ಲರೆ ಆರೂವರೆ, ಕೂಡಿ 226. ವಜಾ: ಸಾವಕಾರನ ಬಾಕಿ ಬಡ್ಡಿ ಸಹಿತ 118, ಕುದುರೆ ಬಾಬತ್ತು ಉಚಲ ಅರವತ್ತೊಂದೂವರೆ, ಮಣ್ಣಿನ ಖರ್ಚು 9, ಕೂಡಿ ನೂರಾ ಎಂಬತ್ತೆಂಟೂವರೆ. ಕಳೆದರೆ ಉಳಿಯುವುದು ಸರಿಯಾಗಿ ಮೂವತ್ತೇಳೂವರೆ. ಒಂದು ಕಾಸೂ ಅತ್ತಿತ್ತ ಇಲ್ಲ.

ರಾತ್ರಿ ಇದನ್ನು ನಮ್ಮ ತಂದೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ; ಆಮೇಲೆ ‘ಮೂವತ್ತೇಳೂವರಿ’ ಎಂದು ಎರಡು ಸಲ ಅಂದರು.

ಇನ್ನೊಂದು ಶಂಕೆ. ಎಲ್ಲಕ್ಕೂ ಕೆಳಗೆ ಎಡಗಡೆ ಮಸಿಯಲ್ಲಿ ಒಂದು ಉಂಗುರದಂಥ ದುಂಡು ಗುರುತಿದೆ. ಅದು ಒತ್ತಿದ ಮುದ್ರೆಯಲ್ಲ, ಕೈಯಲ್ಲಿ ಬರೆದದ್ದು. ಚಿಕ್ಕಪ್ಪ ಅದನ್ನು ಸೊನ್ನೆ ಎಂದು ಬರೆದುಕೊಂಡು ಪಕ್ಕದಲ್ಲಿ ‘ಹೆಂಡತಿಗೆ ಸೊನ್ನೆ’ ಎಂದು ಟಿಪ್ಪಣಿ ಹಾಕಿದ್ದಾರೆ.

ಉತ್ತರ 5
ಕನ್ನಡ ಶಾಲೆಯ ಶಿಕ್ಷಕಿ, ವಿಜಯಪುರ

ಅದು ಸೊನ್ನೆಯಲ್ಲ ಅಣ್ಣಾವರೆ, ಬಳೆ.

ಬರೆಯಲು ಬಾರದವರು ಅಂದು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ, ತಮ್ಮ ಬಾಳುವೆಯ ಗುರುತನ್ನು ಬರೆಯುತ್ತಿದ್ದರು ಅಥವಾ ಬರೆಯಿಸುತ್ತಿದ್ದರು. ಒಕ್ಕಲಿಗನದು ನೇಗಿಲು, ಹತಿಯಾರ ಹಿಡಿಯುವವನದು ಕಠಾರಿ, ಹೆಣ್ಣುಮಕ್ಕಳದು ಬಳೆ. ನಮ್ಮ ತಾಯಿಯ ತವರುಮನೆಯ ಒಂದು ವಾಟ್ಣಿ ಪತ್ರದಲ್ಲಿ (ಪಾಲು ಪತ್ರದಲ್ಲಿ) ನಾನು ಮೂರು ಬಳೆಗಳನ್ನು ಸಾಲಾಗಿ ಕಂಡಿದ್ದೇನೆ, ಮೂವರು ಸೊಸೆಯಂದಿರವು. ನಿಮ್ಮ ಚಿತ್ರದಲ್ಲಿ ದುಂಡಿನ ಎರಡೂ ತುದಿ ಕೂಡಿಲ್ಲ, ಮೇಲ್ಗಡೆ ಸ್ವಲ್ಪ ಬಿಟ್ಟಿದೆ. ಕಾಚಿನ ಬಳೆಯಲ್ಲ, ಕೈಗೆ ಏರಿಸುವಾಗ ಅಗಲಿಸುವ ಕಡಗದ ರೂಪ. ಪಕ್ಕದ ಎರಡು ಅಕ್ಷರಗಳನ್ನು ಮೋಡಿ ಓದುವವರು ನೋಡಲಿ, ‘ನಿಶಾಣಿ’ಯ ಸಂಕ್ಷೇಪ ಇರಬೇಕು.

ಹಾಗೆಂದು ಹಣ ಆಕೆಯ ಕೈಗೆ ಸೇರಿತೆಂದು ನಾನು ಹೇಳಲಾರೆ. ನಿಶಾಣಿಯನ್ನು ಬಹಳ ಸಲ ಕಾರಕೂನನೇ ಬರೆದು, ಅವರಿಂದ ಲೇಖಣಿಯನ್ನು ಮುಟ್ಟಿಸಿ ಕೆಲಸ ಮುಗಿಸುತ್ತಿದ್ದನು. ಗಂಡನನ್ನು ಕಳೆದುಕೊಂಡ ಮನೆಯಲ್ಲಿ, ಆ ವಾರವೋ ಮರುವಾರವೋ, ಬಳೆಯ ಚಿತ್ರಕ್ಕೆ ಲೇಖಣಿ ಮುಟ್ಟಿಸಬೇಕಾದ ಹೆಣ್ಣುಮಗಳು ಎದುರಿಗಿನ ಮೂವತ್ತೇಳು ನಾಣ್ಯಗಳನ್ನು ಎಣಿಸಿಕೊಂಡಳೋ ಇಲ್ಲವೋ, ಅದನ್ನು ಹೇಳಲು ಈ ಕಾಗದಕ್ಕೆ ಬಾಯಿಲ್ಲ. ಆಕೆಯನ್ನು ಬಿಟ್ಟು ಬರೆದಿಲ್ಲ ಎಂಬಷ್ಟು ಮಾತ್ರ ಗಟ್ಟಿ.

ನನಗೆ ಕುತೂಹಲ ಚರವಿಯದು. ಎಲ್ಲವನ್ನೂ ಲಿಲಾವಿಗೆ ಹಾಕಿದವರು ಅದೊಂದನ್ನು ತೂಕ ಮಾಡಿ ಬಿಟ್ಟದ್ದೇಕೆ? ಮನೆಗೆ ಕಳಿಸುವ ಸಾಮಾನಿಗೆ ತೂಕ ಬರೆಯುತ್ತಾರೆ, ದಾರಿಯಲ್ಲಿ ಬದಲಾಗಬಾರದೆಂದು. ನಿಮ್ಮ ಮನೆಯಲ್ಲಿ ಹಳೆಯ ತಾಂಬ್ರದ ಪಾತ್ರೆ ಏನಾದರೂ ಇದೆಯೇ?

ಉತ್ತರ 6
ಮೋಡಿ ಓದುವವ, ಶಹಾಪುರ, ಬೆಳಗಾವಿ

ಅಕ್ಕೋರು ಹೇಳಿದ್ದು ಸರಿ. ಪಕ್ಕದಲ್ಲಿ ‘ನಿ||’ ಮತ್ತು ‘ಬಾಂಗಡಿ’ ಎಂದೇ ಇದೆ. ಇಲ್ಲಿಯ ಎರಡು ಗೆರೆ ಅರ್ಧವಲ್ಲ, ಶಬ್ದವನ್ನು ಮೊಟಕುಗೊಳಿಸಿದ ಗುರುತು, ಮತ್ತೆ ಲೆಕ್ಕಕ್ಕೆ ಹಿಡಿಯಬೇಡಿರಿ. ಚರವಿಯ ಮುಂದೆ ‘ವಜನ ಸೇರ 1|||, ಘರೀಂ ಪೋಂಚ’, ಅಂದರೆ ತೂಕ ಒಂದೂಮುಕ್ಕಾಲು ಸೇರು, ಮನೆಗೆ ತಲುಪಿದ್ದು. ಸೇರು ಊರಿಂದ ಊರಿಗೆ ಬೇರೆ. ಛಾವಣಿಯ ಕಾಗದವಾದ್ದರಿಂದ 80 ತೊಲೆಯ ಪಕ್ಕಾ ಸೇರನ್ನು ಹಿಡಿದರೆ ಸುಮಾರು 1 ಕಿಲೋ 633 ಗ್ರಾಂ ಆಗುತ್ತದೆ.

ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿರಿ. ಸೆಲ್ಲೋಟೇಪನ್ನೂ ಹಚ್ಚಬೇಡಿರಿ. ಮಡಿಕೆ ಬಿಡಿಸಿ, ಸುಣ್ಣದ ಗೋಡೆಯಿಂದ ದೂರ, ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡಿರಿ.

ಉತ್ತರ 7
ನಿವೃತ್ತ ಇತಿಹಾಸ ಉಪನ್ಯಾಸಕ, ಜಮಖಂಡಿ

ಮುಂದೆ ಹುಡುಕುವ ಮನಸ್ಸಿದ್ದರೆ ದಾರಿ ಮುಂಬೈಯದು. ನಮ್ಮ ಭಾಗ 1956ರವರೆಗೆ ಮುಂಬೈ ಪ್ರಾಂತದಲ್ಲಿದ್ದುದರಿಂದ ಸೈನಿಕ ಖಾತೆಯ ಹಳೆಯ ದಫ್ತರಗಳಿಗೆ ಅಲ್ಲಿಯ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರಕ್ಕೆ ಹೋಗಬೇಕು. ಕಂಪನಿಯ ಗೋರಾ ಅಧಿಕಾರಿಗಳು ಇಲ್ಲಿ ಸತ್ತಾಗ ಮಾಡಿದ ಇಂಥ ಯಾದಿಗಳು ಲಂಡನ್ನಿಗೆ ಹೋಗಿ, ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಸಂಪುಟಗಟ್ಟಲೆ ಇವೆ. ಅವರ ಚಮಚದ ಲೆಕ್ಕವೂ ಸಿಗುತ್ತದೆ. ನಮ್ಮ ಸವಾರನದು ನಿಮ್ಮ ಟ್ರಂಕಿನಲ್ಲಿ ಉಳಿಯಿತು.

ಪ್ರಶ್ನಿಸಿದವರಿಂದ
ನವನಗರದವ, ಬಾಗಲಕೋಟೆ

ಅಕ್ಕೋರೇ, ನಿಮ್ಮ ಪ್ರಶ್ನೆ ಓದಿ ಅಡುಗೆಮನೆಗೆ ಹೋಗಿ ಕೇಳಿದೆ. ನಮ್ಮಲ್ಲಿ ಅಂಥ ಪಾತ್ರೆ ಇಲ್ಲ. ಹಳೆಯ ತಾಂಬ್ರವೆಲ್ಲ ಪಾಲಾದಾಗ ಹಿರೇ ಮನೆಗೆ ಹೋಯಿತೆಂದು ತಾಯಿ ಹೇಳಿದರು. ನಿನ್ನೆ ತಂದೆಯವರೇ ನನ್ನ ಬೈಕಿನ ಹಿಂದೆ ಕೂತು ಅಲ್ಲಿಗೆ ಬಂದರು. ದೊಡ್ಡಪ್ಪನವರ ಸೊಸೆ ದೇವರ ಮನೆಯಿಂದ ಒಂದು ಚರವಿ ತಂದುಕೊಟ್ಟರು. ಹೊಟ್ಟೆಯ ಒಂದು ಮಗ್ಗುಲಿಗೆ ತಗ್ಗು ಬಿದ್ದಿದೆ, ಕಂಠದ ಹತ್ತಿರ ಬೆಸುಗೆ ಹಾಕಿಸಿದ್ದಾರೆ, ಒಳಗಿನ ಕಲಾಯಿ ಹೋಗಿದೆ. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆವು: 1 ಕಿಲೋ 590 ಗ್ರಾಂ. ಬೆಸುಗೆಯಿಂದ ಬಂದದ್ದೆಷ್ಟು, ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಸವೆದದ್ದೆಷ್ಟು ಎಂದು ಅಂಗಡಿಯವರೂ ದೊಡ್ಡಪ್ಪನವರ ಮಗನೂ ವಾದಕ್ಕೆ ನಿಂತರು.

ತಂದೆಯವರು ಅಲ್ಲಿಯೇ ಚಹಾ ಕುಡಿದರು. ಕಾಗದದ ಹಿಂಬದಿಯಲ್ಲಿ ಇನ್ನೂ ನಾಲ್ಕು ಸಾಲುಗಳಿವೆ, ಬೆಳಕಿನಲ್ಲಿ ಚಿತ್ರ ತೆಗೆದು ನಾಳೆ ಹಾಕುತ್ತೇನೆ.